ಮನೆಯ ಕಾವಲುಗಣ್ಣು ಬಿತ್ತರಕ್ಕೆ ಬಂದ ಕಥೆ

1935ರ ಸೆಪ್ಟೆಂಬರ್ ತಿಂಗಳಲ್ಲಿ ಮೈಸೂರಿನ ಒಂದು ವಾಸದ ಮನೆಯಿಂದ ಮಾತು ಗಾಳಿಗೇರಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಶ್ರೀ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರೇಷಕ ಯಂತ್ರವನ್ನಿಟ್ಟುಕೊಂಡು ಬಾನುಲಿ ಕೇಂದ್ರವೊಂದನ್ನು ಆರಂಭಿಸಿದ್ದರು. ಅದನ್ನು ಕರೆದದ್ದು ‘ಆಕಾಶವಾಣಿ’ ಎಂದು. ಆ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ಸಂದಿತು. ಈ ಪತ್ರಿಕೆಯ ಓದುಗರಾದ ನಿಮಗೆ ಇದೇನೂ ಹೊಸ ಸಂಗತಿಯಲ್ಲ. ಆದರೂ ನಾನು ಹೇಳಹೊರಟಿರುವ ಕಥೆಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಹೊಳೆಯಲಿಲ್ಲ.

ಗೃಹಸ್ಥನೊಬ್ಬ ತನ್ನ ಮನೆಯನ್ನೇ ಪ್ರಸಾರ ಕೇಂದ್ರವಾಗಿ ಮಾಡಿಕೊಳ್ಳುವುದು ಆ ದಿನಗಳಲ್ಲಿ ಎಂಥ ಸಾಹಸವೆಂಬುದನ್ನು ಊಹಿಸಿ ನೋಡಿ. ಯಂತ್ರ ಬೇಕು, ಯಂತ್ರವನ್ನು ಬಲ್ಲವರು ಬೇಕು. ಹಾಡುವವರನ್ನೂ ಮಾತನಾಡುವವರನ್ನೂ ಕರೆದು ಕೂರಿಸಬೇಕು. ಖರ್ಚನ್ನು ಯಾರಾದರೊಬ್ಬರು ಹೊರಬೇಕು. ಇಂದಾದರೋ, ಎಲೆಅಡಕೆ ಡಬ್ಬಿಗಿಂತ ಚಿಕ್ಕದಾದ ಒಂದು ಕ್ಯಾಮೆರಾ ತಲೆಬಾಗಿಲ ಮೇಲೆ ಕೂತರೆ ಸಾಕು. ಕಳ್ಳರ ಭಯಕ್ಕೆಂದು ಹಾಕಿಸಿದ ಆ ಕ್ಯಾಮೆರಾದ ಚಿತ್ರವನ್ನು ಅಂತರಜಾಲದ ದಾರಿಯಲ್ಲಿ ಯೂಟ್ಯೂಬಿಗೆ ಹರಿಯಬಿಟ್ಟಿರೆಂದರೆ, ನಿಮ್ಮ ಮನೆ ಹಗಲೂ ರಾತ್ರಿಯೂ ನಡೆಯುವ ಒಂದು ದೃಶ್ಯಪ್ರಸಾರ ಕೇಂದ್ರವಾಯಿತು. ಕಲಾವಿದರು ನಿಮ್ಮ ಮನೆಮಂದಿಯೇ. ಜೊತೆಗೆ ಹಾಲಿನವನು, ಪೇಪರಿನ ಹುಡುಗ, ಎದುರುಮನೆಯ ಮಗು. ಇವರಲ್ಲಿ ಯಾರಿಗೂ ಸಂಭಾವನೆಯಿಲ್ಲ. ಎಷ್ಟೋ ವೇಳೆ ತಾವು ಕಾರ್ಯಕ್ರಮ ಕೊಡುತ್ತಿದ್ದೇವೆಂಬ ಅರಿವೂ ಇಲ್ಲ.

ಕಾವಲು ಒಂದು ಕೆಲಸ, ಬಿತ್ತರ ಇನ್ನೊಂದು ಕೆಲಸ. ಕಾಯುವವನು ತಾನು ನೋಡಬೇಕು, ತನ್ನನ್ನು ಯಾರೂ ನೋಡಬಾರದು. ಬಿತ್ತರಿಸುವವನಿಗೆ ಎಲ್ಲರೂ ನೋಡಿದರೇ ಸಂತೋಷ. ಒಂದಕ್ಕೊಂದು ಎದುರಾದ ಈ ಎರಡು ಕೆಲಸಗಳು ಒಂದೇ ಗಾಜಿನ ಕಣ್ಣಿನಲ್ಲಿ ಬಂದು ಕೂಡಿದ್ದು ಹೇಗೆ?

ಕಾವಲಿನ ಕ್ಯಾಮೆರಾ ಮೊದಲಿಗೆ ಮನೆಗೆ ಸೇರಿದ್ದೇ ಅಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಜರ್ಮನಿಯ ಪೀನೆಮ್ಯುಂಡೆ ಎಂಬಲ್ಲಿ ರಾಕೆಟ್ಟುಗಳ ಪರೀಕ್ಷೆ ನಡೆಯುತ್ತಿತ್ತು. ಹಾರುವ ರಾಕೆಟ್ಟಿನ ಪಕ್ಕದಲ್ಲಿ ನಿಂತು ನೋಡುವ ಧೈರ್ಯ ಯಾರಿಗಿದ್ದೀತು? ದೂರದ ಸುರಕ್ಷಿತ ಕೋಣೆಯಲ್ಲಿ ಕುಳಿತವರಿಗೆ ಅದನ್ನು ಟೆಲಿವಿಷನ್ ಕ್ಯಾಮೆರಾ ತಂತಿಯ ಮೂಲಕ ತೋರಿಸಿತು. ಹೀಗೆ ಒಂದು ತುದಿಯಲ್ಲಿ ಕ್ಯಾಮೆರಾ, ಇನ್ನೊಂದು ತುದಿಯಲ್ಲಿ ಪರದೆ, ನಡುವೆ ಹೊರಗಿನವರಿಗೆ ಪ್ರವೇಶವಿಲ್ಲದ ತಂತಿ. ನಾವು ದಿನವೂ ‘ಸಿಸಿ ಕ್ಯಾಮೆರಾ’ ಎನ್ನುತ್ತೇವಲ್ಲ, ಆ ಮೊದಲ ‘ಸಿ’ ಅಕ್ಷರದ ಅರ್ಥ ‘ಮುಚ್ಚಿದ’ ಎಂದೇ. ಮುಚ್ಚಿದ ಸುತ್ತಿನ ಟೆಲಿವಿಷನ್ ಅದು. ಹೆಸರು ಇಂದಿಗೂ ಹಾಗೆಯೇ ಉಳಿದಿದೆ. ಮುಚ್ಚಿಕೊಂಡಿರುವುದು ಮಾತ್ರ ಉಳಿದಿಲ್ಲ.

ಈ ಕಣ್ಣನ್ನು ಮನೆಯ ಬಾಗಿಲಿಗೆ ತಂದವರು ಒಬ್ಬ ನರ್ಸಮ್ಮ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಜಮೈಕಾ ಎಂಬ ಬಡಾವಣೆಯಿದೆ. ಅಲ್ಲಿ ವಾಸವಾಗಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನೀಗ್ರೋ ಜನಾಂಗದ—ಇಂದಿನ ಮಾತಿನಲ್ಲಿ ಕರಿಯ ಅಮೆರಿಕನ್—ಮಹಿಳೆ ಆಸ್ಪತ್ರೆಯ ಸರದಿಯ ಕೆಲಸದವರು. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲವರು; ಅವರ ದುಡಿಮೆಗೂ ಹೊತ್ತುಗೊತ್ತಿರಲಿಲ್ಲ. ನಡುರಾತ್ರಿಯಲ್ಲಿ ಒಂಟಿಯಾಗಿರುವಾಗ ಬಾಗಿಲು ಬಡಿದ ಸದ್ದಾದರೆ ಏನು ಮಾಡಬೇಕು? ಬಡಾವಣೆಯಲ್ಲಿ ಅಪರಾಧ ಹೆಚ್ಚು. ಪೋಲೀಸರು ಕರೆದೊಡನೆ ಬರುವವರಲ್ಲ. ಗಂಡಹೆಂಡಿರು ಸೇರಿ ಒಂದು ಉಪಾಯ ಹೂಡಿದರು. ಬಾಗಿಲಿಗೆ ಒಂದರ ಕೆಳಗೊಂದರಂತೆ ನಾಲ್ಕು ಇಣುಕುಗಿಂಡಿಗಳು: ಮೇಲಿನದು ಎತ್ತರದ ಆಳಿಗೆ, ಕೆಳಗಿನದು ಮಗುವಿಗೆ. ಒಳಗಡೆ ಆ ಗಿಂಡಿಗಳ ಉದ್ದಕ್ಕೂ ಮೇಲೆ ಕೆಳಗೆ ಸರಿದಾಡುವ ಒಂದು ಕ್ಯಾಮೆರಾ. ಮಲಗುವ ಕೋಣೆಯ ಟೆಲಿವಿಷನ್ನಿನಲ್ಲಿ ಬಂದವರ ಮುಖ ಕಾಣುತ್ತಿತ್ತು; ಹಾಸಿಗೆಯಿಂದ ಏಳದೆಯೇ ಮಾತನಾಡಿಸಬಹುದಿತ್ತು; ಬಂದವರು ಪರಿಚಿತರಾದರೆ ಒಂದು ಗುಂಡಿ ಒತ್ತಿ ಬಾಗಿಲು ತೆರೆಯಬಹುದಿತ್ತು, ಅಲ್ಲದಿದ್ದರೆ ಇನ್ನೊಂದು ಗುಂಡಿ ಒತ್ತಿ ಎಚ್ಚರಿಕೆ ಕೊಡಬಹುದಿತ್ತು. 1966ರ ಆಗಸ್ಟಿನಲ್ಲಿ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಪೇಟೆಂಟು ಇಬ್ಬರ ಹೆಸರಿಗೂ ಸಿಕ್ಕಿತು.

ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಆ ಏರ್ಪಾಡಿನಲ್ಲಿ ನೋಟ ಒಳಗಿನಿಂದ ಹೊರಕ್ಕೆ ಮಾತ್ರ. ನೋಡುವ ಹಕ್ಕು ಮನೆಯೊಡತಿಯದು. ಅವಳನ್ನು ನೋಡುವವರು ಯಾರೂ ಇಲ್ಲ. ಮನೆಯ ಕ್ಯಾಮೆರಾ ಹುಟ್ಟಿದ್ದು ಒಬ್ಬ ಹೆಂಗಸಿನ ಏಕಾಂತವನ್ನು ಕಾಯುವುದಕ್ಕೆ. ಈ ಮಾತನ್ನು ಮುಂದಿನ ಕಥೆ ಓದುವಾಗ ಮರೆಯದಿರಿ.

ಇನ್ನು ಬಿತ್ತರದ ಎಳೆಗೆ ಬರೋಣ. ಅದರ ಮೂಲದಲ್ಲಿರುವುದು, ನೀವು ನಂಬಿದರೆ ನಂಬಿ, ಕಾಫಿ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಶಾಲೆಯಲ್ಲಿ ‘ಟ್ರೋಜನ್ ರೂಮ್’ ಎಂಬ ಕೋಣೆಯ ಹೊರಗೆ ಎಲ್ಲರಿಗೂ ಸೇರಿ ಒಂದೇ ಕಾಫಿ ಯಂತ್ರ. ಬೇರೆ ಅಂತಸ್ತಿನವರು ಮೆಟ್ಟಿಲಿಳಿದು ಬಂದು ನೋಡಿದರೆ ಪಾತ್ರೆ ಬರಿದು! ಕಾಫಿಯ ಋಣ ಬಲ್ಲ ನಮ್ಮವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. 1991ರಲ್ಲಿ ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಸರ್, ಪಾಲ್ ಜಾರ್ಡೆಟ್ಸ್ಕಿ ಎಂಬಿಬ್ಬರು ಒಂದು ಕ್ಯಾಮೆರಾವನ್ನು ಪಾತ್ರೆಯ ಕಡೆಗೆ ತಿರುಗಿಸಿ ನಿಲ್ಲಿಸಿ, ಪ್ರಯೋಗಶಾಲೆಯ ಎಲ್ಲ ಕಂಪ್ಯೂಟರುಗಳ ಮೂಲೆಯಲ್ಲೂ ಆ ಚಿತ್ರ ಕಾಣುವಂತೆ ಮಾಡಿದರು. ಅಂಗೈಯ ಮೂಲೆಯಷ್ಟು ಕಪ್ಪುಬಿಳುಪು ಚಿತ್ರ, ನಿಮಿಷಕ್ಕೆ ಸುಮಾರು ಮೂರು ಬಾರಿ ಬದಲಾಗುವುದು. ಕಾಫಿ ತುಂಬುವುದೇ ನಿಧಾನವಾಗಿರುವಾಗ ಅಷ್ಟು ಸಾಕಲ್ಲವೆ? ಇದೂ ಮುಚ್ಚಿದ ಸುತ್ತೇ. ನೋಡುತ್ತಿದ್ದವರೆಲ್ಲ ಕಾಫಿ ಕುಡಿಯುವವರೇ.

1993ರ ನವೆಂಬರಿನಲ್ಲಿ ಡೇನಿಯಲ್ ಗಾರ್ಡನ್, ಮಾರ್ಟಿನ್ ಜಾನ್ಸನ್ ಎಂಬವರು ಆ ಚಿತ್ರವನ್ನು ಆಗತಾನೇ ಚಿಗುರುತ್ತಿದ್ದ ವಿಶ್ವವ್ಯಾಪಿ ಜಾಲಕ್ಕೆ ಜೋಡಿಸಿದರು. ಅಲ್ಲಿಗೆ ಸುತ್ತು ಒಡೆಯಿತು. ಕೇಂಬ್ರಿಜ್‌ಗೆ ಎಂದೂ ಬಾರದವರು, ಆ ಕಾಫಿಯ ಒಂದು ಗುಟುಕನ್ನೂ ಕುಡಿಯದವರು, ಲಕ್ಷಗಟ್ಟಲೆ ಜನ ಆ ಪಾತ್ರೆಯನ್ನು ನೋಡಿದರು. ಏಕೆ ನೋಡಿದರು? ಅದರಲ್ಲಿ ನೋಡುವಂಥದ್ದು ಏನಿತ್ತು? ದೂರದಲ್ಲಿ ಈ ಕ್ಷಣ ನಡೆಯುತ್ತಿರುವುದನ್ನು ಈ ಕ್ಷಣವೇ ನೋಡುತ್ತಿದ್ದೇನೆಂಬ ಬೆರಗೊಂದೇ. ಬಾನುಲಿಯ ಮೊದಲ ದಿನಗಳಲ್ಲಿ ಏನು ಬರುತ್ತಿದೆ ಎಂಬುದಕ್ಕಿಂತ ಎಲ್ಲಿಂದ ಬರುತ್ತಿದೆ ಎಂದೇ ಮುಳ್ಳು ತಿರುಗಿಸುತ್ತಿದ್ದವರಿಗೆ ಈ ಬೆರಗು ಅರ್ಥವಾಗುತ್ತದೆ. 2001ರ ಆಗಸ್ಟ್ 22ರಂದು ಆ ಕ್ಯಾಮೆರಾವನ್ನು ನಿಲ್ಲಿಸಿದರು. ಪಾತ್ರೆ ಹರಾಜಿನಲ್ಲಿ 3,350 ಪೌಂಡಿಗೆ ಹೋಯಿತು. ಕೊಂಡದ್ದು ಜರ್ಮನಿಯ ‘ಡೇರ್ ಷ್ಪೀಗೆಲ್’ ಪತ್ರಿಕೆಯ ಅಂತರಜಾಲ ವಿಭಾಗ.

ಪಾತ್ರೆಗೆ ಮಾನವಿಲ್ಲ, ಮರ್ಯಾದೆಯಿಲ್ಲ. ಅದನ್ನು ಯಾರು ನೋಡಿದರೇನು? ಆದರೆ ಪಾತ್ರೆಯ ಜಾಗಕ್ಕೆ ಮನುಷ್ಯರು ಬರಲು ಬಹಳ ಕಾಲ ಬೇಕಾಗಲಿಲ್ಲ. 1996ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಬ್ಬ ಕಾಲೇಜು ವಿದ್ಯಾರ್ಥಿನಿ ತನ್ನ ಹಾಸ್ಟೆಲ್ ಕೋಣೆಯಲ್ಲೇ ಕ್ಯಾಮೆರಾ ಇಟ್ಟು, ಕೆಲವು ನಿಮಿಷಕ್ಕೊಂದರಂತೆ ಚಿತ್ರ ಕಳುಹಿಸತೊಡಗಿದಳು. ಓದುವುದು, ಮಲಗುವುದು, ಸುಮ್ಮನೆ ಕೂರುವುದು, ಎಲ್ಲವೂ ಲೋಕದ ಮುಂದೆ. ‘ಜೆನ್ನಿಕ್ಯಾಮ್’ ಎಂದು ಹೆಸರಾದ ಅದು 2003ರ ಕೊನೆಯವರೆಗೆ ನಡೆಯಿತು. ಆಕೆ ತನ್ನ ಇಚ್ಛೆಯಿಂದ ತನ್ನ ಕೋಣೆಯನ್ನು ತೆರೆದಿಟ್ಟಳು. ಅದು ಆಕೆಯ ಹಕ್ಕು. ಆಕೆಯನ್ನು ನೋಡಲು ಬಂದ ಗೆಳೆಯ ಗೆಳತಿಯರ ಮಾತೇನು ಎಂಬ ಪ್ರಶ್ನೆ ಅಂದಿನಿಂದಲೇ ಹುಟ್ಟಿತೆನ್ನಿ.

ಅದೇ 1996ರಲ್ಲಿ ಸ್ವೀಡನ್ ದೇಶದ ಲುಂಡ್ ನಗರದ ಆಕ್ಸಿಸ್ ಎಂಬ ಕಂಪನಿ ಹೊಸ ಬಗೆಯ ಕ್ಯಾಮೆರಾ ಒಂದನ್ನು ಮಾರಾಟಕ್ಕೆ ತಂದಿತು. ಅದುವರೆಗೆ ಕ್ಯಾಮೆರಾದ ಬೆನ್ನಿಗೆ ಒಂದು ಕಂಪ್ಯೂಟರ್ ಬೇಕಾಗಿತ್ತು. ಈ ಕ್ಯಾಮೆರಾಕ್ಕೆ ಜಾಲದಲ್ಲಿ ತನ್ನದೇ ವಿಳಾಸ. ಅದು ಕಳುಹಿಸಿದ್ದು ಚಲಿಸುವ ಚಿತ್ರವೆನ್ನುವಂತಿರಲಿಲ್ಲ. ಆದರೂ ತಂತಿಗೆ ಸಿಕ್ಕಿಸಿದರೆ ತಾನೇ ಮಾತನಾಡಬಲ್ಲ ಕ್ಯಾಮೆರಾ ಆಗ ಹುಟ್ಟಿತು. ಇಂದು ನಿಮ್ಮ ಬಾಗಿಲ ಮೇಲಿರುವುದು ಇದರ ಮೊಮ್ಮಗು.

ಮುಂದಿನ ಹತ್ತು ಹದಿನೈದು ವರ್ಷಗಳ ಕಥೆ ವೇಗವಾಗಿ ಓಡುತ್ತದೆ. 2005ರಲ್ಲಿ ಯೂಟ್ಯೂಬ್ ಬಂದಿತು. ಆಗ ಅಲ್ಲಿ ಮೊದಲೇ ತೆಗೆದ ಚಿತ್ರಗಳಿಗೆ ಮಾತ್ರ ಜಾಗ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಸ್ಟಿನ್ ಕಾನ್ ಎಂಬ ತರುಣ ಟೋಪಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ತನ್ನ ಬದುಕನ್ನು ನೇರವಾಗಿ ಬಿತ್ತರಿಸಹೊರಟ. 2011ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ಡೆಕೋರಾದಲ್ಲಿ ಗೂಡು ಕಟ್ಟಿದ ಹದ್ದಿನ ಸಂಸಾರವನ್ನು ಒಂದು ಕ್ಯಾಮೆರಾ ಜಗತ್ತಿಗೆಲ್ಲ ತೋರಿಸಿತು. ಮೊಟ್ಟೆಯೊಡೆಯುವುದನ್ನು ನೋಡಲು ಜನ ಕಚೇರಿಯ ಕೆಲಸ ಬಿಟ್ಟು ಕಾದು ಕುಳಿತರು. ನನ್ನ ಮಟ್ಟಿಗೆ ಈ ಕಲೆಯ ಅತ್ಯುತ್ತಮ ಉಪಯೋಗ ಇದೇ. ಅದೇ ವರ್ಷ ಯೂಟ್ಯೂಬ್ ನೇರ ಪ್ರಸಾರಕ್ಕೆ ಕೆಲವರಿಗೆ ಅವಕಾಶ ಕೊಟ್ಟಿತು. 2013ರ ಡಿಸೆಂಬರಿನಲ್ಲಿ, ಖಾತೆಯನ್ನು ದೃಢಪಡಿಸಿಕೊಂಡ ಸಾಮಾನ್ಯರಿಗೂ ಕೊಟ್ಟಿತು. ಬಾಗಿಲ ಕ್ಯಾಮೆರಾಕ್ಕೂ ಬಿತ್ತರಕ್ಕೂ ನಡುವೆ ಉಳಿದಿದ್ದ ಗೋಡೆ ಬಿದ್ದದ್ದು ಆಗ.

ಆದರೂ ಎರಡನ್ನೂ ಜೋಡಿಸುವುದು ಅಷ್ಟು ಸಲೀಸಲ್ಲ. ಅದರಲ್ಲೊಂದು ಸ್ವಾರಸ್ಯವಿದೆ, ಕೇಳಿ. ಮನೆಯ ಕ್ಯಾಮೆರಾ ಸಾಮಾನ್ಯವಾಗಿ ಆಡುವ ಭಾಷೆ ಆರ್‌ಟಿಎಸ್‌ಪಿ ಎಂಬುದು. 1998ರಲ್ಲಿ ಗೊತ್ತುಪಡಿಸಿದ ಕಟ್ಟಳೆ. ಇದರಲ್ಲಿ ಕ್ಯಾಮೆರಾ ಕೇಳುವವರೆಗೂ ಸುಮ್ಮನಿದ್ದು, ಕೇಳಿದವರಿಗೆ ಚಿತ್ರ ಕೊಡುತ್ತದೆ. ಯೂಟ್ಯೂಬ್ ಬಹುಕಾಲದಿಂದ ಒಪ್ಪಿಕೊಂಡು ಬಂದಿರುವುದು ಆರ್‌ಟಿಎಂಪಿ ಎಂಬ ಇನ್ನೊಂದು ಭಾಷೆ; ಮ್ಯಾಕ್ರೋಮೀಡಿಯಾ ಕಂಪನಿ ತನ್ನ ಫ್ಲ್ಯಾಶ್ ಎಂಬ ವ್ಯವಸ್ಥೆಗಾಗಿ ಮಾಡಿಕೊಂಡದ್ದು. ಇದರಲ್ಲಿ ಕಳುಹಿಸುವವನು ತಾನಾಗಿಯೇ ಹೋಗಿ ಬಾಗಿಲು ತಟ್ಟಿ ಚಿತ್ರವನ್ನು ಸುರಿಯಬೇಕು. ಫ್ಲ್ಯಾಶ್ ವ್ಯವಸ್ಥೆ 2020ರ ಕೊನೆಗೆ ತೀರಿಕೊಂಡಿತು. ಅದರ ಗಾಡಿ ಮಾತ್ರ ಇನ್ನೂ ಓಡುತ್ತಿದೆ. ಯಜಮಾನ ಹೋದರೂ ಎತ್ತಿಗೆ ದಾರಿ ಮರೆತಿಲ್ಲ! ಈ ಎರಡು ಭಾಷೆಗಳ ನಡುವೆ ದುಭಾಷಿ ಬೇಕು. ಮನೆಯ ಹಳೆಯ ಕಂಪ್ಯೂಟರೊಂದರಲ್ಲಿ ಎಫ್‌ಎಫ್‌ಎಂಪೆಗ್‌ನಂಥ ತಂತ್ರಾಂಶವನ್ನು ಓಡಿಸಿದರೆ ಅದು ಒಂದು ಕೈಯಲ್ಲಿ ಪಡೆದು ಇನ್ನೊಂದು ಕೈಯಲ್ಲಿ ದಾಟಿಸುತ್ತದೆ. ಈ ತಂತ್ರಾಂಶವನ್ನು 2000ದಲ್ಲಿ ಆರಂಭಿಸಿದವನು ಫ್ಯಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ಪಂಡಿತ, ಯಾರಿಗಾದರೂ ಉಚಿತ.

ಇಲ್ಲಿ ಬಾನುಲಿಯವರಿಗೆ ಮೆಚ್ಚುಗೆಯಾಗುವ ಒಂದು ತೊಡಕು ಬರುತ್ತದೆ. ಬಾಗಿಲ ಕ್ಯಾಮೆರಾಗಳಲ್ಲಿ ಎಷ್ಟಕ್ಕೋ ಕಿವಿಯಿಲ್ಲ, ಅಂದರೆ ಮೈಕಿಲ್ಲ. ಧ್ವನಿಯ ಎಳೆಯೇ ಇಲ್ಲದ ಬರಿಯ ಚಿತ್ರವನ್ನು ಕಳುಹಿಸಿದರೆ ಯೂಟ್ಯೂಬ್ ಸರಿಯಾಗಿ ಸ್ವೀಕರಿಸುವುದಿಲ್ಲವೆಂಬುದು ಈ ಕೆಲಸ ಮಾಡಿದವರ ಅನುಭವ. ಆದ್ದರಿಂದ ದುಭಾಷಿ ತಂತ್ರಾಂಶಕ್ಕೆ ಹೇಳಿ ಮೌನವನ್ನೇ ಧ್ವನಿಯಾಗಿ ತಯಾರಿಸಿ ಚಿತ್ರದ ಜೊತೆಗೆ ಹೆಣೆದು ಕಳುಹಿಸುತ್ತಾರೆ. ಏನೂ ಕೇಳಿಸದಿದ್ದರೂ ಕೇಳಿಸದಿರುವುದನ್ನು ಕಳುಹಿಸಲೇಬೇಕು!

ಇಷ್ಟೆಲ್ಲ ಕಷ್ಟಪಟ್ಟು ಜನ ಇದನ್ನು ಮಾಡುವುದೇಕೆ? ಎಲ್ಲರೂ ಮೆರೆಯುವುದಕ್ಕೆ ಮಾಡುವವರಲ್ಲ. ಕ್ಯಾಮೆರಾದ ಚಿತ್ರ ಮನೆಯೊಳಗಿನ ಪೆಟ್ಟಿಗೆಯಲ್ಲೇ ದಾಖಲಾಗುತ್ತಿದ್ದರೆ, ಜಾಣ ಕಳ್ಳ ಬೆಳ್ಳಿಯ ತಟ್ಟೆಯ ಜೊತೆಗೆ ಆ ಪೆಟ್ಟಿಗೆಯನ್ನೂ ಹೊತ್ತೊಯ್ಯುತ್ತಾನೆ. ಚಿತ್ರ ದೂರದಲ್ಲಿ ಉಳಿದರೆ ಸಾಕ್ಷಿ ಉಳಿಯಿತು. ಅದಕ್ಕೆಂದೇ ಕಂಪನಿಗಳು ತಿಂಗಳಿಗಿಷ್ಟು ಎಂದು ಹಣ ಕೇಳುತ್ತವೆ, ಯೂಟ್ಯೂಬ್ ಕೇಳುವುದಿಲ್ಲ. 12 ಗಂಟೆಯೊಳಗಿನ ನೇರ ಪ್ರಸಾರ ಅಲ್ಲಿ ತಾನಾಗಿಯೇ ದಾಖಲೆಯಾಗಿ ಉಳಿಯುತ್ತದೆ. ಪುಕ್ಕಟೆ ಕಣಜ ಸಿಕ್ಕರೆ ಯಾರು ಬಿಟ್ಟಾರು? ಆದರೆ ಆ ಕಣಜಕ್ಕೆ ಮೂರು ಬಗೆಯ ಬಾಗಿಲುಗಳಿವೆ: ಸಾರ್ವಜನಿಕ ಎಂದರೆ ಯಾರು ಬೇಕಾದರೂ ನೋಡಬಹುದು, ಪಟ್ಟಿಯಲ್ಲಿಲ್ಲದ್ದು ಎಂದರೆ ಕೊಂಡಿ ಬಲ್ಲವರೆಲ್ಲ ನೋಡಬಹುದು, ಖಾಸಗಿ ಎಂದರೆ ನೀವು ಹೆಸರಿಸಿದವರು ಮಾತ್ರ. ಒಂದು ಬೆರಳೊತ್ತಿನಲ್ಲಿ ಕಾವಲು ಬಿತ್ತರವಾಗುತ್ತದೆ.

ಇನ್ನು, ನೀವು ಬಿತ್ತರಿಸದೆಯೂ ಬಿತ್ತರವಾಗುವುದುಂಟು. 2012ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿಯ ಕ್ಯಾಮೆರಾಗಳಲ್ಲಿ ದೋಷವೊಂದು ಬಯಲಾಗಿ, ಸುಮಾರು 700 ಕ್ಯಾಮೆರಾಗಳ ನೇರ ದೃಶ್ಯಗಳ ಕೊಂಡಿಗಳು ಅಂತರಜಾಲದಲ್ಲಿ ಹರಿದಾಡಿದವು. ತೊಟ್ಟಿಲಲ್ಲಿ ಮಲಗಿದ ಕೂಸುಗಳು, ಆಡುತ್ತಿದ್ದ ಮಕ್ಕಳು, ಮನೆಗೆಲಸದಲ್ಲಿದ್ದವರು ಅಪರಿಚಿತರ ಕಣ್ಣಿಗೆ ಬಿದ್ದರು. 2013ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟ ಕ್ಯಾಮೆರಾಗಳನ್ನೂ ದಾಖಲೆ ಪೆಟ್ಟಿಗೆಗಳನ್ನೂ ಹಿಂಡುಹಿಂಡಾಗಿ ವಶಪಡಿಸಿಕೊಂಡಿತು. ಆ ಅಕ್ಟೋಬರ್ 21ರಂದು ಅವೆಲ್ಲ ಒಟ್ಟಾಗಿ ಮುಗಿಬಿದ್ದು ಅಂತರಜಾಲದ ವಿಳಾಸ ಹೇಳುವ ಒಂದು ದೊಡ್ಡ ಸಂಸ್ಥೆಯನ್ನೇ ಕಂಗೆಡಿಸಿದವು. ಬೀಗ ಹಾಕಿ ಬೀಗದಕೈಯನ್ನು ಅದರಲ್ಲೇ ಬಿಟ್ಟು ಹೋದಂತೆ ಇದು. ಹೊಸ ಕ್ಯಾಮೆರಾ ತಂದವರು ಮೊದಲು ಮಾಡಬೇಕಾದದ್ದು ಆ ಪಾಸ್‌ವರ್ಡಿನ ಬದಲಾವಣೆ. ಹಾಕಲು ಬಂದ ಹುಡುಗ ಮಾಡಿರುತ್ತಾನೆಂದು ನಂಬಿ ಕೂರಬೇಡಿ.

ನಿಮ್ಮ ಕ್ಯಾಮೆರಾ ನಿಮ್ಮ ಗೇಟಿನಿಂದಾಚೆ ನೋಡಬಹುದೆ ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳೂ ಬಗೆಹರಿಸಬೇಕಾಗಿ ಬಂದಿದೆ. ಚೆಕ್ ದೇಶದ ಒಬ್ಬ ಗೃಹಸ್ಥನ ಮನೆಯ ಕಿಟಕಿಯ ಗಾಜುಗಳನ್ನು ಯಾರೋ ಪದೇಪದೇ ಒಡೆಯುತ್ತಿದ್ದರು. ಆತ ಸೂರಿನ ಕೆಳಗೆ ಕ್ಯಾಮೆರಾ ಹಾಕಿದ, ಒಡೆದವರು ಸಿಕ್ಕಿಬಿದ್ದರು. ಸಿಕ್ಕಿಬಿದ್ದವರಲ್ಲೊಬ್ಬ ತಿರುಗಿಬಿದ್ದು, ಬೀದಿಯಲ್ಲಿದ್ದ ತನ್ನನ್ನು ಚಿತ್ರಿಸಲು ಇವನಾರು ಎಂದು ಕೇಳಿದ! ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರ ಡಿಸೆಂಬರ್ 11ರಂದು ತೀರ್ಪಿತ್ತಿತು: ಸಾರ್ವಜನಿಕ ಬೀದಿಯನ್ನೂ ನೋಡುವ ಮನೆಯ ಕ್ಯಾಮೆರಾವನ್ನು ಕೇವಲ ಮನೆಮಟ್ಟಿನ ವ್ಯವಹಾರವೆನ್ನಲಾಗದು, ಅದಕ್ಕೂ ಕಾನೂನಿನ ನಿಯಮಗಳು ತಗಲುತ್ತವೆ. ಆದರೆ ಮನೆ ಮತ್ತು ಜೀವವನ್ನು ರಕ್ಷಿಸಿಕೊಳ್ಳುವ ನ್ಯಾಯವಾದ ಹಿತವನ್ನು ಗಮನಕ್ಕೆ ತೆಗೆದುಕೊಳ್ಳಬಹುದೆಂದೂ ಅದು ಹೇಳಿತು.

ನಮ್ಮ ದೇಶದಲ್ಲಿ ಏಕಾಂತ ಒಂದು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿ ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ, ವ್ಯಕ್ತಿಯೊಬ್ಬ ತನ್ನ ಸ್ವಂತಕ್ಕೆ ಅಥವಾ ಮನೆವಾರ್ತೆಗೆ ಬಳಸುವ ಮಾಹಿತಿಯನ್ನು ತನ್ನ ಹಿಡಿತದಿಂದ ಹೊರಗಿಟ್ಟಿದೆ. ಬಾಗಿಲ ಚಿತ್ರವನ್ನು ನೀವು ನೋಡಿಕೊಂಡರೆ ಅದು ಮನೆವಾರ್ತೆ. ಊರಿಗೆಲ್ಲ ತೋರಿಸಿದರೂ ಅದು ಮನೆವಾರ್ತೆಯೆ? ಹಾಗೆನ್ನಲು ನನಗೆ ಬಾಯಿ ಬಾರದು.

ನನ್ನ ಪರಿಚಯದ ಒಂದು ಮನೆಯ ಮಾತು ಹೇಳಿ ಮುಗಿಸುತ್ತೇನೆ. ಮನೆಯಲ್ಲಿರುವುದು ಎಪ್ಪತ್ತು ದಾಟಿದ ಅಜ್ಜಿ ಮತ್ತು ಓದಲು ಬಂದಿರುವ ಮಗಳ ಮಗ. ಮಗ ಮೆಲ್ಬರ್ನಿನಲ್ಲಿ. ಬೀದಿಯಲ್ಲಿ ಎರಡು ಮನೆ ಕಳವಾದ ಮೇಲೆ ಕ್ಯಾಮೆರಾ ಬಂದಿತು. ಮೊಮ್ಮಗ ಜಾಣ, ಹಳೆಯ ಕಂಪ್ಯೂಟರನ್ನು ದುಭಾಷಿ ಮಾಡಿ ಮನೆಯ ಮುಂಬಾಗಿಲನ್ನು ಯೂಟ್ಯೂಬಿಗೆ ಹತ್ತಿಸಿದ. ಮೆಲ್ಬರ್ನಿನ ಮಗ ತಾಯಿ ರಂಗೋಲಿ ಇಡುವುದನ್ನು ದಿನವೂ ನೋಡಿ ಸಂತೋಷಪಟ್ಟ. ಒಂದು ಸಂಜೆ ಅಜ್ಜಿ ಮೊಮ್ಮಗನ ಫೋನಿನಲ್ಲಿ ತನ್ನದೇ ಅಂಗಳವನ್ನು ನೋಡುತ್ತ, ಚಿತ್ರದ ಕೆಳಗಿನ ಅಂಕಿಯನ್ನು ತೋರಿಸಿ ಕೇಳಿದರು:

“ಇದೇನೋ ಪುಟ್ಟ, ಮೂರು ಅಂತ ಇದೆ?”

“ಈಗ ನೋಡ್ತಾ ಇರೋರು ಅಜ್ಜಿ. ಒಂದು ನಾವು, ಒಂದು ಮಾವ.”

“ಇನ್ನೊಬ್ಬರು ಯಾರೋ?”

ಯೂಟ್ಯೂಬ್ ಎಷ್ಟು ಜನ ಎಂದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ. ಹುಡುಗ ನೋಡಿದರೆ, ಪ್ರಸಾರ ಮೊದಲ ದಿನದಿಂದಲೂ ‘ಸಾರ್ವಜನಿಕ’ವಾಗಿಯೇ ಇತ್ತು. ಅಜ್ಜಿ ಯಾವಾಗ ದೇವಸ್ಥಾನಕ್ಕೆ ಹೋಗುತ್ತಾರೆ, ಬೀಗದಕೈಯನ್ನು ಯಾವ ಕುಂಡದ ಅಡಿಯಲ್ಲಿಡುತ್ತಾರೆ ಎಂಬುದೆಲ್ಲ ಅದರಲ್ಲಿತ್ತು. ಪಕ್ಕದ ಮನೆಯವರ ಗೇಟು ಕೂಡ ಅರ್ಧ ಕಾಣುತ್ತಿತ್ತು. ಅಂದೇ ಪ್ರಸಾರ ನಿಂತಿತು. ಕುಂಡದ ಅಡಿಯ ಬೀಗದಕೈ ಜಾಗ ಬದಲಾಯಿಸಿತು. ಕ್ಯಾಮೆರಾವನ್ನು ಪಕ್ಕದ ಗೇಟು ಕಾಣದಂತೆ ಸ್ವಲ್ಪ ತಿರುಗಿಸಿದರು. ಮೆಲ್ಬರ್ನಿನ ಮಗನಿಗೆ ಈಗ ಬೇರೆ ಏರ್ಪಾಡಾಗಿದೆ, ಅವನೊಬ್ಬನಿಗೆ ಮಾತ್ರ. ಹಳೆಯ ದಾಖಲೆಗಳು ಹನ್ನೊಂದು ಹನ್ನೊಂದು ಗಂಟೆಯವು ನೂರಕ್ಕೂ ಮೇಲಿದ್ದವು. ಅಳಿಸುವ ಮುನ್ನ ಒಮ್ಮೆ ನೋಡಬೇಕೆಂದು ಅಜ್ಜಿಯ ಹಟ. ಭಾನುವಾರಗಳಲ್ಲಿ ಇಬ್ಬರೂ ಕೂತು ಓಡಿಸಿ ನೋಡುತ್ತಾರೆ, ಆಮೇಲೆ ಹುಡುಗ ಒಂದೊಂದಾಗಿ ಅಳಿಸುತ್ತಾನೆ.